ಒಂದು ರಾತ್ರಿ ಇಲ್ಲೇ ಉಳೀರಿ

ತಮ್ಮಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಲೆಕ್ಕ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಬೆಂಗಳೂರು ಬಿಡುವುದು ಬೆಳಗಿನ ನಾಲ್ಕಕ್ಕೆ, ಮುಂಬೈ ಮುಟ್ಟುವುದು ರಾತ್ರಿ ಹತ್ತಕ್ಕೆ. ‘ಮ್ಯಾಪು ಹದಿನಾರು ತಾಸು ತೋರಸ್ತದ ಕಾಕಾ, ಊಟ-ಚಾಕ್ಕ ಅಂತ ಮತ್ತೆರಡು ತಾಸು ಹಿಡಿದೀವಿ’ ಅಂದೆ. ನಾನು ಸುಮ್ಮನಾದೆ. ಫೋನಿನಲ್ಲಿ ಬುದ್ಧಿ ಹೇಳಿದರೆ ನೀನು ‘ಹೂಂ, ಹೂಂ’ ಅನ್ನುತ್ತ ಕಂಪ್ಯೂಟರಿನಲ್ಲಿ ಇನ್ನೇನೋ ಟೈಪು ಮಾಡುತ್ತಿರುತ್ತೀ; ಅದರ ಟಕಟಕ ನನಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ, ನಿನ್ನ ಜೊತೆಗೆ ಹೊರಟಿರುವ ಆ ಗೆಳೆಯನ ಕೈಗೂ ಕೊಡು. ಇದರಲ್ಲಿ ಅರ್ಧ ಮಾತು ಅವನಿಗೇ.

ಮ್ಯಾಪಿಗೆ ನಡ ನೋಯುವುದಿಲ್ಲ, ಅದಕ್ಕೆ ಉಚ್ಚೆಗೆ ಅವಸರವಾಗುವುದಿಲ್ಲ, ಮಧ್ಯಾಹ್ನ ಉಂಡ ಮೇಲೆ ಅದರ ರೆಪ್ಪೆ ಭಾರವಾಗುವುದಿಲ್ಲ. ಬೆಂಗಳೂರಿನಿಂದ ಮುಂಬೈಗೆ ಸಾವಿರ ಕಿಲೋಮೀಟರಿಗೆ ಕೂದಲೆಳೆ ಕಡಿಮೆ. ರಸ್ತೆ ಒಳ್ಳೆಯದು, ಸುಳ್ಳು ಹೇಳುವುದಿಲ್ಲ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿದರೆ ಹುಬ್ಬಳ್ಳಿ-ಧಾರವಾಡ. ಅಲ್ಲಿಂದ ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ, ಪುಣೆ. ಈಗ ಅದಕ್ಕೆ 48 ಅಂತ ನಂಬರು ಕೊಟ್ಟಿದ್ದಾರೆ, ನಮ್ಮ ವಯಸ್ಸಿನವರ ಬಾಯಲ್ಲಿ ಇನ್ನೂ ಅದು ‘ಎನ್‌ಎಚ್ ಫೋರ್’. ಈ ದಾರಿಯ ಹೆಚ್ಚುಕಡಿಮೆ ನಡುವಿಗೆ, ಬೆಂಗಳೂರಿನಿಂದ ಸುಮಾರು 430 ಕಿಲೋಮೀಟರಿಗೆ, ಧಾರವಾಡದಲ್ಲಿ, ನಿನ್ನ ಕಾಕಾನ ಮನೆ ಇದೆ. ಹಾಸಿಗೆ ಇದೆ, ಬಿಸಿನೀರು ಇದೆ. ಇಷ್ಟಿದ್ದೂ ನೀವು ಬೈಪಾಸಿನ ಮೇಲಿಂದ ಹಾರ್ನು ಹೊಡೆದು ಹೋಗುವವರಿದ್ದೀರಿ!

ಬಂಧುತ್ವದ ಮಾತು ಬಿಡು. ಬೇರೆ ಕಾರಣವಿದೆ. ನಿನಗೆ ಹೇಳಿರದ ಒಂದು ಕಥೆ.

1984ರ ಡಿಸೆಂಬರು. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿಗೆ ಕೂರಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ನನ್ನೊಬ್ಬ ಗೆಳೆಯನ ಅಣ್ಣನ ಹತ್ತಿರ ಫಿಯಾಟ್ ಕಾರು ಇತ್ತು. ಇಬ್ಬರೂ ಮುಂಬೈ ನೋಡಿದವರಲ್ಲ. ನಮ್ಮ ಅಜ್ಜನ ಕಾಲಕ್ಕೆ ಧಾರವಾಡದವರಿಗೆ ಮುಂಬೈ ಅಂದರೆ ರಾಜಧಾನಿ. 1956ರ ನವೆಂಬರ್ ಒಂದನೇ ತಾರೀಖಿನತನಕ ನಾವು ಮುಂಬೈ ರಾಜ್ಯದವರೇ. ಅಜ್ಜ ದೊಡ್ಡ ಕೋರ್ಟಿನ ಕೆಲಸಕ್ಕೆ ರೈಲು ಹತ್ತಿ ಹೋಗಿಬಂದು ತಿಂಗಳುಗಟ್ಟಲೆ ಅದನ್ನೇ ಹೇಳುತ್ತಿದ್ದ. ಹಾಗಾಗಿ ನಮಗೆ ಅದು ಪರವೂರು ಅನ್ನಿಸಿರಲಿಲ್ಲ, ನಮ್ಮದೇ ಹಿತ್ತಲಿನ ಆಚೆಯದು ಅನ್ನಿಸಿತ್ತು. ಶುಕ್ರವಾರ ಸಂಜೆ ಬ್ಯಾಂಕಿನಿಂದ ಬಂದವನೇ ಒಂದು ಚೀಲ ಹಿಡಿದು ಹೊರಟೆ. ರಾತ್ರಿ ಹೋದರೆ ಒಂದು ದಿನ ಉಳಿಯುತ್ತದೆ ಅಂತ ಲೆಕ್ಕ. ಈಗ ನಿನ್ನದಿದೆಯಲ್ಲ, ಅದೇ ಲೆಕ್ಕ.

ಕೊಲ್ಹಾಪುರದವರೆಗೆ ಅವನು ಓಡಿಸಿದ. ಅಲ್ಲಿಂದ ನಾನು. ಕರಾಡ ದಾಟಿದ ಮೇಲೆ ಅವನು ಕೇಳಿದ, ‘ನಿದ್ದಿ ಬಂದದೇನು?’ ‘ಇಲ್ಲಪಾ, ನೀ ಮಲ್ಕೊ’ ಅಂದೆ. ಇನ್ನರ್ಧ ತಾಸು ಬಿಟ್ಟು ಮತ್ತೆ ಕೇಳಿದ. ಮತ್ತೆ ಅದೇ ಉತ್ತರ. ಅವನು ಮಲಗಿದ. ನನಗೆ ಆಗ ಬಂದಿದ್ದದ್ದು ನಿದ್ದೆಯಲ್ಲ ಅಂತಲೇ ನಾನು ನಂಬಿದ್ದೆ. ಸುಮ್ಮನೆ ಕಣ್ಣು ಉರಿಯುತ್ತಿತ್ತು, ಹಿಂದೆ ದಾಟಿದ ಊರಿನ ಹೆಸರು ನೆನಪಾಗುತ್ತಿರಲಿಲ್ಲ, ಅಷ್ಟೇ. ನಿದ್ದೆ ಹಾಗೇ ಬರುತ್ತದೆ. ಬಾಗಿಲು ತಟ್ಟಿ ಬರುವುದಿಲ್ಲ.

ಅದು ಕಬ್ಬಿನ ಹಂಗಾಮು. ಆ ಸೀಮೆಯ ತುಂಬ ಸಕ್ಕರೆ ಕಾರ್ಖಾನೆ. ರಾತ್ರಿಯೆಲ್ಲ ಕಬ್ಬಿನ ಚಕ್ಕಡಿ ಸಾಲುಗಟ್ಟಿ ಹೋಗುತ್ತವೆ, ಹಿಂದೆ ಒಂದು ಕಂದೀಲು ಇದ್ದರೆ ಇತ್ತು. ನಾಲ್ಕರ ಸುಮಾರಿಗೆ ಗಾಡಿಯ ಸದ್ದು ಬದಲಾದದ್ದಕ್ಕೆ ಗೆಳೆಯನಿಗೆ ಎಚ್ಚರವಾಯಿತು. ಕಣ್ಣು ಬಿಟ್ಟು ಒಂದೇ ಏಟಿಗೆ ಸ್ಟೇರಿಂಗು ಹಿಡಿದು ಎಳೆದ. ಕಬ್ಬಿನ ಗರಿ ಗಾಜಿಗೆ ಬಡಿದು, ಎಡಗಡೆಯ ದೀಪ ಒಡೆದು, ಕಾರು ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಇಳಿದು ನೋಡಿದರೆ ಚಕ್ಕಡಿಯವನು ಕಬ್ಬಿನ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಆ ಹೊತ್ತಿನಲ್ಲಿ ಆ ರಸ್ತೆಯ ಮೇಲೆ ಎಚ್ಚರವಿದ್ದದ್ದು ಎರಡು ಎತ್ತುಗಳು ಮಾತ್ರ.

ಪುಣೆಯವರೆಗೆ ಗೆಳೆಯ ನನ್ನೊಡನೆ ಮಾತಾಡಲಿಲ್ಲ. ನಾನು ನಿದ್ದೆ ಹೋದದ್ದಕ್ಕೆ ಅವನಿಗೆ ಸಿಟ್ಟಿರಲಿಲ್ಲ. ಎರಡು ಸಲ ಕೇಳಿದಾಗ ಎರಡು ಸಲವೂ ಇಲ್ಲ ಅಂದೆನಲ್ಲ, ಅದಕ್ಕೆ. ‘ನನ್ನ ಜೀವಾನೂ ಇತ್ತಲ್ಲೋ ಒಳಗ’ ಅಂದ. ಅದಕ್ಕೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಈಗ ಚಕ್ಕಡಿಗಳು ಕಡಿಮೆಯಾಗಿವೆ, ಟ್ರ್ಯಾಕ್ಟರು ಬಂದಿವೆ. ಒಂದರ ಹಿಂದೆ ಎರಡು ಟ್ರೇಲರು, ಎರಡರಲ್ಲೂ ಕಬ್ಬು ಹೊರಗೆ ಚಾಚಿಕೊಂಡಿರುತ್ತದೆ, ಹಿಂದಿನ ದೀಪ ಕಬ್ಬಿನ ಗರಿಯಲ್ಲಿ ಮುಚ್ಚಿಹೋಗಿರುತ್ತದೆ. ಬೆಳಗಾವಿ ಜಿಲ್ಲೆಯಿಂದ ಸಾತಾರಾವರೆಗೆ ಡಿಸೆಂಬರಿನಲ್ಲಿ ಇದೇ ಕಥೆ. ಅದಕ್ಕೇ ಹೇಳುವುದು: ಆ ಸೀಮೆಯನ್ನು ಹಗಲಲ್ಲಿ ದಾಟಿರಿ. ಧಾರವಾಡದಲ್ಲಿ ಒಂದು ರಾತ್ರಿ ಮಲಗಿ, ಬೆಳಗ್ಗೆ ಐದೂವರೆಗೆ ಕಾಕೂನ ಕೈಯ ಚಹಾ ಕುಡಿದು ಹೊರಟರೆ, ಉಳಿದ ಐನೂರೈವತ್ತು-ಅರವತ್ತು ಕಿಲೋಮೀಟರನ್ನು ಸಂಜೆಯೊಳಗೆ ನಿಶ್ಚಿಂತೆಯಿಂದ ಮುಗಿಸಬಹುದು.

ಬೆಂಗಳೂರಿನಿಂದ ಇಲ್ಲಿಗೆ ಬರುವ ದಿನವೂ ಬಹಳ ತಡಮಾಡಿ ಹೊರಡಬೇಡ. ರಸ್ತೆ ವಾಯವ್ಯಕ್ಕೆ ಮುಖ ಮಾಡಿದೆ. ಚಳಿಗಾಲದ ಸಂಜೆ ಹಾವೇರಿಯ ಸುಮಾರಿಗೆ ಬರುವಾಗ ಸೂರ್ಯ ಎಡಗಡೆಯಿಂದ ಕಣ್ಣಿಗೆ ಹೊಡೆಯುತ್ತಾನೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಬೇಕಾದರೆ ಹೆದ್ದಾರಿ ಬಿಟ್ಟು ಊರೊಳಗೆ ಹೋಗಬೇಕು. ಹೋಗು, ಒಂದು ತಾಸು ಹೋದರೆ ಹೋಗಲಿ. ಹೆದ್ದಾರಿಯ ಮೇಲೆ ಬೋರ್ಡು ಹಾಕಿಕೊಂಡಿರುವ ಎಲ್ಲ ಬೆಣ್ಣೆ ದೋಸೆಯಲ್ಲೂ ಬೆಣ್ಣೆ ಇರುವುದಿಲ್ಲ. ಚಿತ್ರದುರ್ಗದ ಕೋಟೆಯನ್ನು ಮಾತ್ರ ಹೋಗುವಾಗ ಮುಟ್ಟಬೇಡಿ. ಅದನ್ನು ಅರ್ಧ ತಾಸಿನಲ್ಲಿ ನೋಡಿದೆ ಅನ್ನುವವನು ನೋಡಿಲ್ಲ ಅಂತಲೇ ಅರ್ಥ. ಬರುವ ದಾರಿಯಲ್ಲಿ, ಬೆಳಗಿನ ಹೊತ್ತು, ಬೇರೆ ಏನೂ ಕೆಲಸ ಇಟ್ಟುಕೊಳ್ಳದೆ ಹತ್ತಿರಿ.

ಇನ್ನು ಓಡಿಸುವ ಮಾತು. ಎರಡು ತಾಸಿಗೊಮ್ಮೆ ಕೈ ಬದಲಾಗಲಿ, ಆಯಾಸವಾಗಿರಲಿ ಬಿಡಲಿ. ‘ಸಾಕು’ ಅನ್ನುವ ಮಾತಿಗೆ ಕಾರಿನೊಳಗೆ ಕಾನೂನಿನ ಬಲ ಕೊಡಿರಿ. ಓಡಿಸುವವನು ಸಾಕು ಅಂದರೂ ಸರಿ, ಪಕ್ಕದವನು ಸಾಕು ಅಂದರೂ ಸರಿ, ಮುಂದಿನ ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ, ಕೆಣಕುವ ಹಾಗಿಲ್ಲ. ಬೆಳಗಿನ ಜಾವ ಎರಡರಿಂದ ಆರು, ಮಧ್ಯಾಹ್ನ ಎರಡರಿಂದ ನಾಲ್ಕು, ಇವು ಮೈ ತಾನಾಗಿ ಮಂಕಾಗುವ ಹೊತ್ತು. ಇದರಲ್ಲಿ ಗಂಡಸುತನದ ಪ್ರಶ್ನೆಯೇ ಇಲ್ಲ. ಕಾಫಿ ಕುಡಿದರೆ ಅದು ತಲೆಗೇರಲು ಇಪ್ಪತ್ತು ನಿಮಿಷವಾದರೂ ಬೇಕು. ಹಾಗಾಗಿ ಕುಡಿದು, ಸೀಟು ಹಿಂದಕ್ಕೆ ಬಾಗಿಸಿ, ಆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿರಿ. ಎದ್ದಾಗ ಎರಡೂ ಕೂಡಿ ಕೆಲಸ ಮಾಡುತ್ತವೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹೊಡೆಯುವುದು, ಇವೆಲ್ಲ ನಾನು ಮಾಡಿ ನೋಡಿದ್ದೇನೆ. ಕಬ್ಬಿನ ಗಾಡಿ ಮುಟ್ಟುವವರೆಗೆ ಸಾಕಾಗುತ್ತವೆ.

ಪಕ್ಕದಲ್ಲಿ ಕೂತವನಿಗೂ ಕೆಲಸವಿದೆ. ಅವನು ಪ್ರಯಾಣಿಕನಲ್ಲ. ಮ್ಯಾಪು ಅವನ ಕೈಯಲ್ಲಿ, ಟೋಲ್ ನಾಕಾ ಅವನ ಲೆಕ್ಕ, ಮನೆಯಿಂದ ಬರುವ ಫೋನು ಅವನು ಎತ್ತಬೇಕು. ಮಲಗುವುದಾದರೆ ಹೇಳಿ ಮಲಗಬೇಕು. ಮೊಬೈಲ್ ನೋಡುತ್ತ ನೋಡುತ್ತ ಹಾಗೇ ಜಾರಿಬಿಡಬಾರದು.

ರಸ್ತೆಯಲ್ಲಿ ನಾಲ್ಕು ಕಡೆ ಮೈಮೇಲೆ ಎಚ್ಚರವಿರಲಿ. ಹುಬ್ಬಳ್ಳಿ-ಧಾರವಾಡ ಬೈಪಾಸು ನಿಮಗೆ ಗೊತ್ತಿದ್ದದ್ದೇ. ಆಚೀಚೆ ನಾಲ್ಕು ಲೇನು ಇದ್ದರೂ ಅದೊಂದೇ ವರ್ಷಗಟ್ಟಲೆ ಎರಡು ಲೇನಿನಲ್ಲಿ ಉಳಿದು ಎಷ್ಟು ಮನೆಯ ದೀಪ ಆರಿಸಿತು ಅಂತ ಈ ಊರಿನವರನ್ನು ಕೇಳು. ಅಗಲ ಮಾಡುವ ಕೆಲಸ ಶುರುವಾದರೂ ನಮಗೆ ಅದರ ಹೆದರಿಕೆ ಹೋಗಿಲ್ಲ. ಊರು ಬಂದಲ್ಲೆಲ್ಲ ಎದುರಿನಿಂದ, ನಿನ್ನದೇ ಲೇನಿನಲ್ಲಿ, ಒಂದು ಬೈಕು ಬರುತ್ತದೆ. ಅವನಿಗೆ ಯೂ-ಟರ್ನ್ ದೂರವಾಗಿರುತ್ತದೆ. ಇದಕ್ಕೆ ಸಿಟ್ಟಾಗಿ ಉಪಯೋಗವಿಲ್ಲ, ಎಡಕ್ಕಿರು. ಪುಣೆಯ ಹತ್ತಿರ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯ ಕಡೆಗೆ ಉದ್ದನೆಯ ಇಳಿಜಾರು ಬರುತ್ತದೆ. ಡೀಸೆಲ್ ಉಳಿಸಲು ಲಾರಿಯವರು ಅಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಡುತ್ತಾರೆ, ಕೆಳಗೆ ಬರುವಷ್ಟರಲ್ಲಿ ಬ್ರೇಕು ಕಾದು ಕೈಕೊಡುತ್ತದೆ. ಅಲ್ಲಿ ಲಾರಿಯ ಮುಂದೆ ಇರಬೇಡ, ಎರಡು ಲಾರಿಯ ನಡುವೆಯಂತೂ ಬೇಡವೇ ಬೇಡ. ನೀನೂ ಗೇರಿನಲ್ಲೇ ಇಳಿ.

ನಾಲ್ಕನೆಯದು ಖಂಡಾಲಾ ಘಾಟು. ಪುಣೆಯಿಂದ ಮುಂಬೈಗೆ ಎಕ್ಸ್‌ಪ್ರೆಸ್‌ವೇ ಪೂರ್ತಿ ತೆರೆದದ್ದು 2002ರಲ್ಲಿ, ಸುಮಾರು 94 ಕಿಲೋಮೀಟರು, ನಮ್ಮ ದೇಶದ ಮೊದಲ ಆರು ಲೇನಿನ ಎಕ್ಸ್‌ಪ್ರೆಸ್‌ವೇ. ಬೈಕಿಗೆ, ಆಟೊಗೆ ಅಲ್ಲಿ ಪ್ರವೇಶವಿಲ್ಲ. ನಿಮ್ಮ ಇನ್ನೊಬ್ಬ ದೋಸ್ತ ಬುಲೆಟ್ ತರುತ್ತೇನೆ ಅಂದಿದ್ದನಲ್ಲ, ಅವನು ಹಳೆಯ ಹೆದ್ದಾರಿ ಹಿಡಿಯಬೇಕಾಗುತ್ತದೆ ಅಂತ ಈಗಲೇ ಹೇಳಿಬಿಡು. ಬಯಲಿನಲ್ಲಿ ನೂರರ ಮಿತಿ, ಘಾಟಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಅಲ್ಲಲ್ಲಿ ಕ್ಯಾಮೆರಾ. ಮನೆಗೆ ಬಂದು ಹದಿನೈದು ದಿನಕ್ಕೆ ಚಲನ್ ಬಂದಾಗ ಆವತ್ತು ಯಾರು ಓಡಿಸುತ್ತಿದ್ದರು ಅಂತ ಜಗಳ ಬೇಡ.

ಜಗಳ ಅಂದೆನಲ್ಲ, ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಮೂವತ್ತೈದು ವರ್ಷ ಬೇರೆಯವರ ದುಡ್ಡು ಎಣಿಸಿದವನು ಹೇಳುತ್ತಿದ್ದೇನೆ: ಸ್ನೇಹ ಕೆಡುವುದು ಹತ್ತು ಸಾವಿರಕ್ಕಲ್ಲ, ನಲವತ್ತು ರೂಪಾಯಿಗೆ. ಹೋದಸಲದ ಚಹಾ ನಾನು ಕೊಟ್ಟೆ, ಈ ಸಲದ್ದೂ ನಾನೇ ಕೊಡಬೇಕೇ ಅಂತ ಮನಸ್ಸಿನಲ್ಲೇ ಒಂದು ಚೀಟಿ ಬರೆಯುತ್ತ ಹೋಗುತ್ತೇವೆ. ಬಾಯಿಬಿಟ್ಟು ಹೇಳಲಿಕ್ಕೆ ನಾಚಿಕೆ, ಬಿಡಲಿಕ್ಕೆ ಆಗುವುದಿಲ್ಲ. ಹೊರಡುವ ಮುಂಚೆಯೇ ಇಬ್ಬರೂ ಸಮಸಮ ಹಾಕಿ ಒಂದು ಗಂಟು ಮಾಡಿರಿ. ಪೆಟ್ರೋಲು, ಟೋಲು, ಊಟ, ರೂಮು, ಪಂಕ್ಚರು ಎಲ್ಲ ಅದರಿಂದ. ಮುಗಿದರೆ ಮತ್ತೆ ಸಮಸಮ. ಚಲನ್ ಮಾತ್ರ ಓಡಿಸಿದವನ ಕಿಸೆಯಿಂದ. ಅದರಿಂದ ವೇಗವೂ ಹಿಡಿತದಲ್ಲಿರುತ್ತದೆ. ಕಾರು ನಿನ್ನದು ಅಂತ ಗೆಳೆಯ ಒಂದು ಪಾಲು ಹೆಚ್ಚು ಹಾಕುತ್ತೇನೆ ಅಂದರೆ ಬೇಡ ಅನ್ನು. ಆದರೆ ಬಂದಮೇಲೆ ಕಾರು ತೊಳೆಯಲಿಕ್ಕೆ ಅವನು ಬರಲಿ.

ಫಾಸ್ಟ್ಯಾಗಿನಲ್ಲಿ ದುಡ್ಡಿದೆಯೇ ಅಂತ ಹಿಂದಿನ ದಿನವೇ ನೋಡು. ಟ್ಯಾಗು ಕೈಕೊಟ್ಟರೆ ಯುಪಿಐ ಮಾಡಬೇಕಾಗುತ್ತದೆ, ಆಗ ಕಾಲುಪಾಲು ಹೆಚ್ಚು. ವಾರ್ಷಿಕ ಪಾಸು ಇದೆ ಅಂದಿದ್ದೆ. ಒಳ್ಳೆಯದೇ, ಇನ್ನೂರು ಸಲ ದಾಟಬಹುದು. ಆದರೆ ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ನಾಕಾಗಳಲ್ಲಿ. ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇ ಮಹಾರಾಷ್ಟ್ರದವರದು, ಅಲ್ಲಿ ಬೇರೆ ಕೊಡಬೇಕು. ರಸ್ತೆಯಲ್ಲಿ ಕೆಟ್ಟು ನಿಂತರೆ 1033. ಸ್ಟೆಪ್ನಿಗೂ ಹವಾ ಹಾಕಿಸು. ಎಲ್ಲರೂ ನಾಲ್ಕು ಗಾಲಿ ನೋಡಿ ಐದನೆಯದನ್ನು ಮರೆಯುತ್ತಾರೆ. ಜಾಕು, ಪಾನಾ ಡಿಕ್ಕಿಯ ತಳದಲ್ಲಿ ಇದ್ದರೆ ಸಾಲದು, ಮನೆಯ ಮುಂದೆ ಒಮ್ಮೆ ಗಾಲಿ ಬಿಚ್ಚಿ ಹಾಕಿ ನೋಡಿರಿ. ನಿಮ್ಮಿಬ್ಬರಿಗೂ ಅದು ಬರುವುದಿಲ್ಲ ಅಂತ ನನ್ನ ಅನುಮಾನ.

ಊಟಕ್ಕೆ ಕಾಕೂ ಬುತ್ತಿ ಕಟ್ಟುತ್ತಾಳೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಬೇಡ ಅನ್ನಬೇಡ, ಅವಳ ಮುಂದೆ ನನ್ನ ಮಾತೂ ನಡೆಯುವುದಿಲ್ಲ. ಕೊಲ್ಹಾಪುರದಲ್ಲಿ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ತಿನ್ನಬೇಕು ಅಂತ ಗೆಳೆಯ ಹಟ ಹಿಡಿದಿದ್ದಾನಂತೆ. ತಿನ್ನಲಿ, ಆದರೆ ತಿಂದವನು ಮುಂದಿನ ಎರಡು ತಾಸು ಸ್ಟೇರಿಂಗು ಮುಟ್ಟಬಾರದು. ಆ ಕೆಂಪು ರಸ್ಸಾ ಮೊದಲು ಕಣ್ಣಲ್ಲಿ ನೀರು ತರುತ್ತದೆ, ಆಮೇಲೆ ನಿದ್ದೆ ತರುತ್ತದೆ.

ಇನ್ನು ಮುಂಬೈ. ಎಕ್ಸ್‌ಪ್ರೆಸ್‌ವೇ ಮುಗಿದ ಮೇಲೆ ವಾಶಿ ಸೇತುವೆಯ ಮೇಲೆ ಹೋಗಬಹುದು. 2024ರ ಅಕ್ಟೋಬರಿನಿಂದ ಮುಂಬೈ ಪ್ರವೇಶದ ನಾಕಾಗಳಲ್ಲಿ ಕಾರಿಗೆ ಟೋಲ್ ಇಲ್ಲ. ಅಟಲ್ ಸೇತು ಹಿಡಿದರೆ ಒಂದು ಕಡೆಗೆ 250 ರೂಪಾಯಿ, ಆದರೆ 22 ಕಿಲೋಮೀಟರಿನಲ್ಲಿ ಹದಿನಾರಕ್ಕಿಂತ ಹೆಚ್ಚು ಸಮುದ್ರದ ಮೇಲೆ. ಮೊದಲ ಸಲ ಹೋಗುವವರು ಆ ದುಡ್ಡು ಕೊಡಿರಿ. ಸಂಜೆಯ ಹೊತ್ತಿಗೆ ನೀರಿನ ಮೇಲಿಂದ ಊರು ಎದ್ದುಬರುವುದನ್ನು ನೋಡುವುದಕ್ಕೆ 250 ಹೆಚ್ಚಲ್ಲ. ಸೇತುವೆಯ ಮೇಲೆ ನಿಲ್ಲಿಸಿ ಸೆಲ್ಫಿ ತೆಗೆದರೆ ದಂಡ, ಮತ್ತು ನನ್ನ ಬೈಗುಳ.

ರೂಮು ಹಿಡಿಯುವಾಗ ಎರಡೇ ನೋಡಿರಿ: ಕಾರು ನಿಲ್ಲಿಸಲು ಜಾಗ, ನಡೆದು ಹೋಗುವಷ್ಟು ಹತ್ತಿರ ಲೋಕಲ್ ಸ್ಟೇಶನ್. ಮಾಟುಂಗಾ, ದಾದರದ ಸುತ್ತಮುತ್ತ ಆದರೆ ಉತ್ತಮ. ಕಾರು ಒಳಗೆ ಹಾಕಿದ ಮೇಲೆ ಊರು ಬಿಡುವ ದಿನದವರೆಗೆ ಚಾವಿ ಮುಟ್ಟಬೇಡಿ. ಸಾವಿರ ಕಿಲೋಮೀಟರು ಓಡಿಸಿದ ಹುರುಪಿನಲ್ಲಿ ಇನ್ನು ಹತ್ತು ಕಿಲೋಮೀಟರು ಏನು ಅನ್ನಿಸುತ್ತದೆ. ಆ ಹತ್ತರಲ್ಲಿ ಎರಡು ತಾಸು ಬಂಪರ್ ನೋಡುತ್ತ ಕೂತಿರುತ್ತೀರಿ, ಊರು ಕಾಣುವುದಿಲ್ಲ.

ಲೋಕಲಿಗೆ ಒಂದು ಸೂತ್ರ ಇದೆ. ಮುಂಬೈ ಬೆಳಗ್ಗೆ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಉತ್ತರಕ್ಕೆ. ನೀವು ನೌಕರರಲ್ಲ, ಅದರ ಎದುರಿಗೆ ಈಜಿರಿ. ಬೆಳಗ್ಗೆ ಬೋರಿವಲಿಗೆ ಹೋಗಿ ಕಾನ್ಹೇರಿ ನೋಡಿರಿ. ರಾಷ್ಟ್ರೀಯ ಉದ್ಯಾನದೊಳಗೆ ಒಂದೇ ಗುಡ್ಡಕ್ಕೆ ನೂರಕ್ಕೂ ಹೆಚ್ಚು ಬೌದ್ಧ ಗವಿಗಳು. ಅಷ್ಟು ದೊಡ್ಡ ಊರಿನ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಮೌನ ಇದೆ ಅಂತ ಹೋಗುವವರೆಗೆ ನಂಬಿಕೆಯಾಗುವುದಿಲ್ಲ. ಬೋರ್ಡಿನಲ್ಲಿ ಎಫ್ ಅಂದರೆ ಫಾಸ್ಟು, ಸಣ್ಣ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲ. ಎಸ್ ಅಂದರೆ ಎಲ್ಲ ಕಡೆ ನಿಲ್ಲುತ್ತದೆ. ದಾದರಿನಲ್ಲಿ ಪಶ್ಚಿಮ ರೈಲ್ವೆಯಿಂದ ಮಧ್ಯ ರೈಲ್ವೆಗೆ ಬದಲಿಸಬಹುದು. ಬಾಗಿಲಲ್ಲಿ ಜೋತಾಡುವವರನ್ನು ನೋಡಿ ಕಲಿಯಬೇಡಿ, ಅವರಲ್ಲಿ ಎಷ್ಟು ಜನ ಮನೆ ಮುಟ್ಟಿಲ್ಲ ಅನ್ನುವುದು ಬೇರೆ ಕಥೆ.

ಘಾರಾಪುರಿಗೆ, ಅಂದರೆ ಎಲಿಫೆಂಟಾಕ್ಕೆ, ಸೋಮವಾರ ಹೋಗಬೇಡಿ, ಗವಿ ಮುಚ್ಚಿರುತ್ತದೆ. ಕಾನ್ಹೇರಿಯೂ ಹಾಗೇ. ಗೇಟ್‌ವೇಯಿಂದ ದೋಣಿ ಸುಮಾರು ಒಂದು ತಾಸು. ಮೂರು ಮುಖದ ಆ ಸದಾಶಿವನ ಎದುರು ಎಲ್ಲರೂ ಫೋಟೊ ಹೊಡೆದು ಹತ್ತು ನಿಮಿಷಕ್ಕೆ ಹೊರಬೀಳುತ್ತಾರೆ. ಇಪ್ಪತ್ತು ಅಡಿಯ ಹತ್ತಿರದ ಮೂರ್ತಿ ಅದು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎಡಗಡೆಯ ಮುಖದ ಉಗ್ರ ಬೇರೆಯಾಗಿ, ಬಲಗಡೆಯದರ ಮಾರ್ದವ ಬೇರೆಯಾಗಿ ಕಾಣಲು ಶುರುವಾಗುತ್ತದೆ. ಅಲ್ಲಿಯವರೆಗೆ ಕೂಡಿರಿ. ನೀವು ಐಹೊಳೆಗೆ ಹೋಗಿದ್ದಿರಲ್ಲ, ಅಲ್ಲಿ ಮೇಗುತಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಪುಲಿಕೇಶಿಯ ಶಾಸನ ನೋಡಿದ್ದಿರಿ. ಪುಲಿಕೇಶಿ ಹಡಗು ಕಟ್ಟಿಕೊಂಡು ಮುತ್ತಿದ ಪಶ್ಚಿಮ ಸಮುದ್ರದ ‘ಪುರಿ’ಯ ಮಾತು ಅದರಲ್ಲಿದೆ, ಆ ಪುರಿ ಈ ಘಾರಾಪುರಿಯೇ ಅನ್ನುವ ವಿದ್ವಾಂಸರಿದ್ದಾರೆ. ದೋಣಿಯಲ್ಲಿ ಕೂತಾಗ ಇದನ್ನು ಗೆಳೆಯನಿಗೆ ಹೇಳು. ಅವನು ವಾಂತಿ ಮಾಡಿಕೊಳ್ಳುತ್ತಿಲ್ಲದಿದ್ದರೆ.

ನಮ್ಮ ಆ ಪ್ರವಾಸದ ಮಿಕ್ಕ ಕಥೆ ಹೇಳಲಿಲ್ಲ. ಪುಣೆಯಲ್ಲಿ ರಸ್ತೆ ಬದಿಯ ಗಾಡಿಯವನ ಹತ್ತಿರ ಗೆಳೆಯ ಎರಡು ಚಹಾ ತಂದು ಒಂದನ್ನು ನನ್ನ ಕೈಗೆ ಇಟ್ಟ. ಅಲ್ಲಿಗೆ ಮೌನ ಮುರಿಯಿತು. ಆದರೆ ಮುಂಬೈ ಮುಟ್ಟಿದ ಮೇಲೆ ಬೇರೆ ತಕರಾರು. ಅವನಿಗೆ ಜುಹುಗೆ ಹೋಗಿ ಸಿನಿಮಾದವರ ಬಂಗಲೆ ನೋಡಬೇಕು, ಚೋರ್ ಬಜಾರಿನಲ್ಲಿ ಹಳೆಯ ರೇಡಿಯೊ ಹುಡುಕಬೇಕು. ನನಗೆ ಕಟ್ಟಡ, ಮ್ಯೂಸಿಯಂ. ಎರಡು ದಿನ ಒಬ್ಬರನ್ನೊಬ್ಬರು ಎಳೆದಾಡಿದೆವು. ಅವನು ಮ್ಯೂಸಿಯಂನಲ್ಲಿ ಗಡಿಯಾರ ನೋಡುತ್ತಿದ್ದ, ನಾನು ಬಂಗಲೆಯ ಗೇಟಿನ ಮುಂದೆ ಉಗುರು ಕಚ್ಚುತ್ತಿದ್ದೆ. ಇಬ್ಬರೂ ದೊಡ್ಡ ಮನಸ್ಸು ಮಾಡುತ್ತಿದ್ದೇವೆ ಅಂತ ಇಬ್ಬರಿಗೂ ಅನ್ನಿಸುತ್ತಿತ್ತು, ಅದೇ ಎಲ್ಲಕ್ಕಿಂತ ದೊಡ್ಡ ಪೀಡೆ.

ಮೂರನೆಯ ದಿನ ಬೆಳಗ್ಗೆ ಅವನೇ ಅಂದ: ‘ಇವತ್ತ ನೀ ಬ್ಯಾರೆ, ನಾ ಬ್ಯಾರೆ. ಸಂಜಿಕೆ ಏಳಕ್ಕ ಮಾಟುಂಗಾದಾಗ ಊಟ.’ ನನಗೆ ಮೊದಲು ಬೇಜಾರಾಯಿತು, ರೈಲು ಹತ್ತಿದ ಮೇಲೆ ಹಗುರಾಯಿತು. ಆಗ ವಿಟಿ ಅನ್ನುತ್ತಿದ್ದರು, ಈಗಿನ ಸಿಎಸ್‌ಎಂಟಿ. ಅದರ ಎದುರಿನ ಫುಟ್‌ಪಾತಿನಲ್ಲಿ ಎರಡು ತಾಸು ನಿಂತಿದ್ದೆ. ಸ್ಟೀವನ್ಸ್ ಅನ್ನುವವನು ಅದನ್ನು ಕಟ್ಟಲು ಹತ್ತು ವರ್ಷ ತೆಗೆದುಕೊಂಡ, 1878ರಿಂದ 1888. ಗುಮ್ಮಟದ ತುದಿಗೆ ಒಬ್ಬ ಹೆಂಗಸು, ಬಲಗೈಯಲ್ಲಿ ಪಂಜು, ಎಡಗೈಗೆ ಗಾಲಿ. ಕೆಳಗೆ ಗೋಡೆಯ ತುಂಬ ಹಲ್ಲಿ, ಗೂಬೆ, ನವಿಲು. ಅದರ ಕೆಳಗೆ ಹೊಳೆಯ ಹಾಗೆ ಜನ, ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಅಲ್ಲೇ ಹತ್ತಿರದ ಬೋರಿಬಂದರಿನಿಂದ 1853ರ ಏಪ್ರಿಲ್ 16ಕ್ಕೆ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು, 34 ಕಿಲೋಮೀಟರು. ಅಜ್ಜ ಇಲ್ಲೇ ಇಳಿಯುತ್ತಿದ್ದ ಅಂತ ಆಗ ಹೊಳೆಯಿತು. ಜೊತೆಗೆ ಯಾರಾದರೂ ಇದ್ದು ‘ಹೋಗೋಣೇನು?’ ಅಂದಿದ್ದರೆ ಅದು ಹೊಳೆಯುತ್ತಿರಲಿಲ್ಲ.

ಸಂಜೆ ಮಾಟುಂಗಾ ಸ್ಟೇಶನ್ನಿನ ಹತ್ತಿರ, 1942ರಲ್ಲಿ ಶುರುವಾದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಕೂಡಿದೆವು. ಎಲೆಯ ಮುಂದೆ ಕೂತು ಅವನು ಬಾಯಿ ಬಿಟ್ಟರೆ ನಿಲ್ಲುತ್ತಿಲ್ಲ. ರೇಡಿಯೊ ಸಿಕ್ಕಿರಲಿಲ್ಲ, ಆದರೆ ರೇಡಿಯೊ ಅಂಗಡಿಯ ಮುದುಕನ ಕಥೆ ಸಿಕ್ಕಿತ್ತು. ನನ್ನ ಹಲ್ಲಿ-ಗೂಬೆ ಕೇಳಿ ‘ನಾಳೆ ತೋರಸು’ ಅಂದ. ಮರುದಿನ ಅವನೇ ಮುಂದಾಗಿ ನನ್ನನ್ನು ಚೋರ್ ಬಜಾರಿಗೆ ಕರೆದುಕೊಂಡು ಹೋದ. ಆ ಮುಂಬೈಯಲ್ಲಿ ನನಗೆ ಈಗ ನೆನಪಿರುವುದರಲ್ಲಿ ಅರ್ಧ ಅವನು ಕಂಡದ್ದು.

ಹಾಗಾಗಿ ನೀವು ಅಲ್ಲಿರುವ ಐದು ದಿನದಲ್ಲಿ ಒಂದು ದಿನ ಬೇರೆಬೇರೆಯಾಗಿ ತಿರುಗಿರಿ. ಇದನ್ನು ಮುನಿಸು ಬಂದ ಮೇಲೆ ಮಾಡಬೇಡಿ, ಮೊದಲೇ ಗೊತ್ತು ಮಾಡಿಕೊಳ್ಳಿ. ಆ ದಿನ ನೀನು ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿಗೆ ಹೋಗಿ ಕೂಡು. ಹನೇಹಳ್ಳಿಯಿಂದ ಬಂದ ಯಶವಂತ ಚಿತ್ತಾಲರು ಆ ಸಮುದ್ರದ ಎದುರಿನ ಮನೆಯಲ್ಲಿ ಕೂತು ಬರೆದರು. ‘ಶಿಕಾರಿ’ ಓದಿಲ್ಲದಿದ್ದರೆ ಓದಿ ಹೋಗು, ಆ ಊರಿನ ಆಫೀಸುಗಳ ಗಾಜಿನ ಹಿಂದೆ ಏನು ನಡೆಯುತ್ತದೆ ಅಂತ ತಿಳಿಯುತ್ತದೆ. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳ ಪುಸ್ತಕ ಒಂದನ್ನು ಕಾರಿನಲ್ಲಿ ಇಟ್ಟುಕೊಳ್ಳಿ. ಸಾತಾರಾದಿಂದ ಪುಣೆಯವರೆಗೆ ಪಕ್ಕದವನು ಗಟ್ಟಿಯಾಗಿ ಓದಲಿ, ಓಡಿಸುವವನಿಗೆ ನಿದ್ದೆಯೂ ಬರುವುದಿಲ್ಲ. ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಶನ್ ಇದೆ. ಸಂಜೆ ಕನ್ನಡ ನಾಟಕವೋ ಉಪನ್ಯಾಸವೋ ಇದೆಯೇ ಅಂತ ಕೇಳಿ ನೋಡು. ಇದ್ದರೆ ಹಿಂದಿನ ಸಾಲಿನಲ್ಲಿ ಕೂಡು. ನಿನ್ನ ಕನ್ನಡ ಕೇಳಿ ಯಾರಾದರೂ ಒಬ್ಬರು ‘ಯಾವ ಊರು?’ ಅಂತ ಕೇಳಿಯೇ ಕೇಳುತ್ತಾರೆ.

ಬರುವಾಗ ಗಾಡಿಯಲ್ಲಿ ಮಾತು ಕಡಿಮೆಯಾಗುತ್ತದೆ, ಅದಕ್ಕೆ ಗಾಬರಿಯಾಗಬೇಡ. ಹೋಗುವಾಗಿನ ಮೌನ ಬೇರೆ, ಬರುವಾಗಿನದು ಬೇರೆ. ಲೋಣಾವಳಾದ ಚಿಕ್ಕಿ ಎಲ್ಲರೂ ತರುತ್ತಾರೆ, ನನಗೆ ಹಲ್ಲಿಲ್ಲ. ಸಾತಾರಾದ ಕಂದಿ ಪೇಡೆ ತಾ. ಧಾರವಾಡದವನಿಗೆ ಬೇರೆ ಊರಿನ ಪೇಡೆ ಯಾಕೆ ಅಂತ ಕಾಕೂ ಬೈಯುತ್ತಾಳೆ, ಬೈಯಲಿ. ಆ ನನ್ನ ಗೆಳೆಯ ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದ, ಈಗಲೂ ತಿನ್ನುತ್ತಾನೆ. ಮಾಳಮಡ್ಡಿಯಲ್ಲೇ ಇದ್ದಾನೆ, ಸಂಜೆ ವಾಕಿಂಗಿಗೆ ಕೂಡಿ ಹೋಗುತ್ತೇವೆ. ನೀವು ಬರುವ ರಾತ್ರಿ ಅವನನ್ನೂ ಊಟಕ್ಕೆ ಕರೆದಿದ್ದೇನೆ. ಕಬ್ಬಿನ ಗಾಡಿಯ ಕಥೆ ಅವನ ಬಾಯಲ್ಲಿ ಬೇರೆಯೇ ಇದೆ. ಅದರಲ್ಲಿ ಅವನು ಮೂರು ಸಲ ಕೇಳಿದ್ದ.

ಹಾಂ, ನಿನ್ನ ಗೆಳೆಯ ಖಾರ ಎಷ್ಟು ತಿಂತಾನೆ ಅಂತ ಕೇಳಿ ಹೇಳು. ಕಾಕೂ ಎಣ್ಣಿಗಾಯಿ ಮಾಡುವವಳಿದ್ದಾಳೆ.

ನಿನ್ನ ಕಾಕಾ